ಲೆಕ್ಕಕ್ಕೆ ಬಾರದ ಗುರುಮನೆ

ಪರದೇಶಕ್ಕೆ ಪಾಠ ಹೇಳಲು ಹೋಗುವವರ ಕುರಿತ ಚರ್ಚೆಗಳಲ್ಲಿ ಶಾಲೆ, ಪಠ್ಯಕ್ರಮ, ವೇತನಗಳ ಪ್ರಸ್ತಾಪ ಧಾರಾಳವಾಗಿರುತ್ತದೆ. ಆ ಶಿಕ್ಷಕರನ್ನು ತಿಂಗಳುಗಟ್ಟಲೆ ಮನೆಯಲ್ಲಿರಿಸಿಕೊಂಡು, ತಮ್ಮ ನಾಡಿನ ನಡೆನುಡಿಗಳನ್ನು ಕಲಿಸುವ ಕುಟುಂಬಗಳ ವಿಷಯ ಮಾತ್ರ ಅಡಿಟಿಪ್ಪಣಿಯಾಗಿಯೇ ಉಳಿದಿದೆ. ವಸ್ತುತಃ ಇಂತಹ ಯೋಜನೆಗಳ ಯಶಸ್ಸು ಬಹುಮಟ್ಟಿಗೆ ಅವಲಂಬಿಸಿರುವುದು ಈ ಮನೆಗಳನ್ನೇ.

ಅಮೆರಿಕದ ಪೀಸ್ ಕೋರ್ ಇದಕ್ಕೆ ಉತ್ತಮ ನಿದರ್ಶನ. ಅಧ್ಯಕ್ಷ ಕೆನಡಿಯವರು 1961ರ ಮಾರ್ಚ್‌ನಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಮೊದಲ ತಂಡ ಅದೇ ಆಗಸ್ಟ್‌ನಲ್ಲಿ ಘಾನಾ ತಲುಪಿತು, ಅವರೆಲ್ಲ ಶಿಕ್ಷಕರು. ಭಾರತದಲ್ಲಿಯೂ 1961ರಿಂದ 1976ರವರೆಗೆ ಅದರ ಸ್ವಯಂಸೇವಕರು ಕೆಲಸ ಮಾಡಿದ್ದುಂಟು. ಈವರೆಗೆ 140ಕ್ಕೂ ಹೆಚ್ಚು ದೇಶಗಳಲ್ಲಿ 2.40 ಲಕ್ಷಕ್ಕೂ ಅಧಿಕ ಮಂದಿ ಸೇವೆ ಸಲ್ಲಿಸಿದ್ದಾರೆ. ಅತಿದೊಡ್ಡ ಕ್ಷೇತ್ರ ಶಿಕ್ಷಣವೇ.

ಆರಂಭದಲ್ಲಿ ಇವರ ತರಬೇತಿ ಬಹುಪಾಲು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಿತ್ತು. ತರಗತಿಯಲ್ಲಿ ಕಲಿತ ಭಾಷೆ ಹಳ್ಳಿಯ ಜಗಲಿಯಲ್ಲಿ ನಿಲ್ಲದೆಂಬುದು ಅನುಭವದಿಂದ ಮನವರಿಕೆಯಾದಂತೆ, ತರಬೇತಿ ಕ್ರಮೇಣ ಆತಿಥೇಯ ದೇಶಗಳಿಗೇ ವರ್ಗವಾಯಿತು. ಈಗ 27 ತಿಂಗಳ ಅವಧಿಯಲ್ಲಿ ಮೊದಲ ಮೂರು ತಿಂಗಳ ವಾಸ ಸಾಮಾನ್ಯವಾಗಿ ಸ್ಥಳೀಯ ಕುಟುಂಬದೊಡನೆ. ನೇಪಾಳದಂತಹ ಕೆಲವೆಡೆ ಪೂರ್ಣಾವಧಿಯೂ ಅಷ್ಟೇ.

ಇಂಗ್ಲಿಷ್ ಕಲಿಸಲು ನೇಪಾಳದ ಹಳ್ಳಿಗೆ ಬರುವ ತರುಣಿಯೊಬ್ಬಳ ಸ್ಥಿತಿಯನ್ನು ಪರಿಭಾವಿಸಿ. ಅವಳ ಭಾಷೆಯಲ್ಲಿ ಮಗುವಿಗೂ ಮುದುಕರಿಗೂ ಒಂದೇ ಸರ್ವನಾಮ. ನೇಪಾಳಿಯಲ್ಲಿ ತಿಮಿ ಯಾರಿಗೆ, ತಪಾಈಂ ಯಾರಿಗೆ ಎಂಬುದು ತಿಳಿಯದೆ ಬಾಯಿ ತೆರೆಯುವಂತಿಲ್ಲ. ಮನೆಯವರನ್ನು ಹೆಸರು ಹಿಡಿದು ಕರೆಯದೆ ಆಮಾ, ದಾಯಿ, ದಿದಿ, ಬಹಿನಿ ಎನ್ನಬೇಕು. ಬಾಯಿಗಿಟ್ಟ ಚಮಚವನ್ನು ಪಾತ್ರೆಗೆ ಅದ್ದಿದರೆ ಅಡಿಗೆಯೆಲ್ಲ ‘ಜುಠೊ’; ನಮ್ಮ ‘ಎಂಜಲು’ ಎಂಬ ಮಾತಿಗೆ ಸಂವಾದಿಯಾದ ಈ ಪದ ಕನ್ನಡಿಗರಿಗೆ ವಿವರಣೆಯಿಲ್ಲದೆ ಅರ್ಥವಾದೀತು. ಅಮೆರಿಕದವಳಿಗೆ ಅದನ್ನು ಕಲಿಸುವುದು ಪುಸ್ತಕವಲ್ಲ, ಅಡಿಗೆಮನೆ. ಈ ಪಾಠವಾಗದ ಹೊರತು ಊರು ಅವಳನ್ನು ಶಿಕ್ಷಕಿಯೆಂದು ಒಪ್ಪದು.

ಇಲ್ಲೊಂದು ಆರ್ಥಿಕ ವೈಚಿತ್ರ್ಯವೂ ಇದೆ. ಪರದೇಶಗಳಲ್ಲಿ ದುಡಿಯುವವರು ಕಳುಹಿಸುವ ಹಣ ನೇಪಾಳದ ಒಟ್ಟು ಆಂತರಿಕ ಉತ್ಪನ್ನದ ಸುಮಾರು ಕಾಲುಭಾಗಕ್ಕೆ ಸಮ. ಮಗ ಕತಾರಿಗೋ ಮಲೇಷ್ಯಾಕ್ಕೋ ಹೋಗಿರುವ ಮನೆಯಲ್ಲಿ ತಾಯಿ ಪರದೇಶದ ಶಿಕ್ಷಕಿಗೆ ಅನ್ನವಿಕ್ಕುತ್ತಾಳೆ. ಮಗ ಬ್ಯಾಂಕಿನ ಮೂಲಕ ಕಳುಹಿಸುವ ಹಣ ವಿದೇಶಿ ಪಾವತಿಯ ಲೆಕ್ಕದಲ್ಲಿ ದಾಖಲಾಗುತ್ತದೆ. ತಾಯಿಗೆ ಊಟ ವಸತಿಯ ಬಾಬ್ತು ಸಂದಾಯವಾಗಬಹುದು. ಆಕೆಯ ಬೋಧನೆಗೆ ಯಾವ ಲೆಕ್ಕಶೀರ್ಷಿಕೆಯೂ ಇಲ್ಲ. ಮನೆಗೆಲಸದವಳನ್ನೇ ಯಜಮಾನ ಮದುವೆಯಾದರೆ ರಾಷ್ಟ್ರೀಯ ವರಮಾನ ಕುಗ್ಗುತ್ತದೆಂಬ ವಿಪರ್ಯಾಸವನ್ನು ಅರ್ಥಶಾಸ್ತ್ರಜ್ಞ ಪಿಗೂ ಒಂದು ಶತಮಾನದ ಹಿಂದೆಯೇ ತೋರಿಸಿದ್ದರು. ಗೃಹಿಣಿಯ ದುಡಿಮೆಯ ಬಗೆಗಿನ ಈ ಕುರುಡು ಇನ್ನೂ ನೀಗಿಲ್ಲ.

ಎರಡು ವರ್ಷ ಇದ್ದು ಹೋಗುವ, ಅನುಭವವಿಲ್ಲದ ಯುವಜನರಿಂದ ಶಾಲೆಗೆ ಏನು ಲಾಭವೆಂದು ಟೀಕಿಸುವವರಿದ್ದಾರೆ. ಈ ಟೀಕೆ ನಿರಾಧಾರವಲ್ಲ. ಆದರೆ ಪೀಸ್ ಕೋರ್ ಕಾಯಿದೆಯ ಮೂರು ಉದ್ದೇಶಗಳಲ್ಲಿ ನುರಿತ ಜನರನ್ನು ಒದಗಿಸುವುದು ಒಂದು ಮಾತ್ರ. ಆತಿಥೇಯರು ಅಮೆರಿಕನ್ನರನ್ನು ಅರಿಯುವುದು, ಅಮೆರಿಕನ್ನರು ಇತರರನ್ನು ಅರಿಯುವುದು ಉಳಿದೆರಡು. ಇವು ಶಾಲೆಯ ಗಂಟೆ ಬಾರಿಸಿದ ನಂತರ ಮನೆಯಲ್ಲಿ ಈಡೇರತಕ್ಕವು. ಕೋವಿಡ್ ನಿಮಿತ್ತ 2020ರ ಮಾರ್ಚ್‌ನಲ್ಲಿ ಸುಮಾರು 7,000 ಸ್ವಯಂಸೇವಕರನ್ನು ಏಕಕಾಲಕ್ಕೆ ಹಿಂದಕ್ಕೆ ಕರೆಸಿಕೊಂಡಾಗ, ಶಾಲೆಗಳು ಶಿಕ್ಷಕರನ್ನು ಕಳೆದುಕೊಂಡವು. ಎಷ್ಟೋ ಮನೆಗಳು ಮಕ್ಕಳನ್ನೇ ಕಳುಹಿಸಿಕೊಟ್ಟವು.

ನಮಗೂ ಇದರಲ್ಲಿ ಪಾಠವಿದೆ. ಭಾರತ 1964ರಿಂದ ‘ಐಟೆಕ್’ ಯೋಜನೆಯಡಿ ಅನ್ಯದೇಶಗಳಿಗೆ ತಜ್ಞರನ್ನು ಕಳುಹಿಸುತ್ತಿದೆ. ಭೂತಾನಿನ ಶಾಲೆಗಳಲ್ಲಿ ಭಾರತೀಯ ಶಿಕ್ಷಕರು ದಶಕಗಳ ಕಾಲ ದುಡಿದಿದ್ದಾರೆ. ಮುಂದೆ ಹೋಗುವವರಿಗೆ ಆರಂಭದ ಕೆಲವು ತಿಂಗಳಾದರೂ ಸ್ಥಳೀಯ ಕುಟುಂಬದ ವಾಸ ಕಡ್ಡಾಯವಾಗಲಿ. ಆ ಕುಟುಂಬಕ್ಕೆ ಊಟದ ಖರ್ಚಿನ ಜೊತೆಗೆ ಬೋಧನೆಯ ಗೌರವಧನವೂ ಸಲ್ಲಲಿ. ಶಿಕ್ಷಕರ ಕೆಲಸದ ಮೌಲ್ಯಮಾಪನದಲ್ಲಿ ಮುಖ್ಯೋಪಾಧ್ಯಾಯರ ವರದಿಯೊಂದಿಗೆ ಮನೆಯೊಡತಿಯ ಅಭಿಪ್ರಾಯವನ್ನೂ ಕೇಳುವುದು ಒಳ್ಳೆಯದು. ಬಂದವರು ಏನು ಕಲಿತರೆಂಬುದನ್ನು ಆಕೆಯಷ್ಟು ಖಚಿತವಾಗಿ ಬಲ್ಲವರು ಬೇರೆ ಯಾರೂ ಇರಲಾರರು.