ರೇಷ್ಮೆ ಗೂಡಿನ ನೈದಿಲೆ

ಕಾಲೇಜಿನ ವಸ್ತುಪ್ರದರ್ಶನದಲ್ಲಿ ನಾನು ಇಟ್ಟಿದ್ದ ಕಿವಿಯೋಲೆಗಳನ್ನು ನೋಡಿದವರಲ್ಲಿ ಹೆಚ್ಚಿನವರು ಎರಡೇ ಪ್ರಶ್ನೆ ಕೇಳಿದರು. ಒಂದು, ಇದು ಪ್ಲಾಸ್ಟಿಕ್ಕಾ, ಪೇಪರ್ರಾ? ಇನ್ನೊಂದು, ಇಷ್ಟಕ್ಕೆ ಎಂಬತ್ತು ರೂಪಾಯಿ ಯಾಕೆ? ಆವತ್ತಿನ ಗದ್ದಲದಲ್ಲಿ ಯಾರಿಗೂ ಪೂರ್ತಿ ಉತ್ತರ ಹೇಳಲು ಆಗಲಿಲ್ಲ. ಕನ್ನಡ ಮೇಡಂ "ಹಾಗಾದರೆ ಬರೆದು ಕೊಡು" ಎಂದರು. ಬರೆದಿದ್ದೇನೆ.

ಮೊದಲನೆಯದಕ್ಕೆ ಉತ್ತರ ಸುಲಭ. ಅದು ರೇಷ್ಮೆ ಗೂಡು. ರಾಮನಗರದವರಿಗೆ ಗೂಡಿನ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ರೈತರು ಮಾರ್ಕೆಟ್ಟಿಗೆ ತರುತ್ತಾರೆ, ರೀಲರ್‌ಗಳು ಹರಾಜಿನಲ್ಲಿ ಕೊಳ್ಳುತ್ತಾರೆ, ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ನಮ್ಮ ಅಬ್ಬಾ ಇದೇ ಕೆಲಸದಲ್ಲಿದ್ದಾರೆ. ಆದರೆ ಎಲ್ಲ ಗೂಡೂ ನೂಲಾಗುವುದಿಲ್ಲ. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡಿನಲ್ಲಿ ಎಳೆ ತುಂಡಾಗಿರುತ್ತದೆ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡಿನಲ್ಲಿ ಎಳೆ ಸಿಕ್ಕಾಗಿರುತ್ತದೆ. ಕಲೆ ಬಿದ್ದವು ಬೇರೆ. ಇವನ್ನೆಲ್ಲ ಆರಿಸಿ ಪಕ್ಕಕ್ಕೆ ಹಾಕುತ್ತಾರೆ, ಕಡಿಮೆ ಬೆಲೆಗೆ ಸಿಗುತ್ತದೆ. ನನ್ನ ಕಚ್ಚಾಮಾಲು ಅದೇ.

ಗೂಡನ್ನು ಚಿಕ್ಕ ಕತ್ತರಿಯಲ್ಲಿ ಉದ್ದಕ್ಕೆ ನಾಲ್ಕು ಭಾಗ ಮಾಡಿ ನೋಡಿ. ಒಂದೊಂದು ತುಂಡೂ ಪುಟ್ಟ ದೋಣಿಯ ಹಾಗೆ ಒಳಗೆ ಬಾಗಿ, ಎರಡೂ ತುದಿ ಚೂಪಾಗಿರುತ್ತದೆ. ಇದು ನೈದಿಲೆಯ ದಳದ ಆಕಾರ. ನಾವು ಬಗ್ಗಿಸಬೇಕಾದ್ದೇ ಇಲ್ಲ, ಹುಳುವೇ ಬಗ್ಗಿಸಿ ಕೊಟ್ಟಿದೆ. ಅಂದ ಹಾಗೆ, ನಮ್ಮ ಮನೆಯ ಉರ್ದುವಿನಲ್ಲಿ ತಾವರೆಗೂ ನೈದಿಲೆಗೂ 'ಕಂವಲ್' ಎಂದೇ ಹೇಳುತ್ತೇವೆ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಇರುವುದು ನನಗೆ ತುಂಬಾ ಇಷ್ಟ. ತಾವರೆ ಎಲೆ ನೀರಿನಿಂದ ಮೇಲೆದ್ದು ನಿಲ್ಲಬಲ್ಲದು, ಪೂರ್ತಿ ದುಂಡಗಿರುತ್ತದೆ. ನೈದಿಲೆ ಎಲೆ ನೀರಿನ ಮೇಲೆ ಮಲಗಿರುತ್ತದೆ, ಅದಕ್ಕೊಂದು ಸೀಳು ಇರುತ್ತದೆ. ಎಲೆ ಕತ್ತರಿಸುವಾಗ ಆ ಸೀಳು ಬಿಡದಿದ್ದರೆ ಹೂವು ಎಷ್ಟೇ ಚೆನ್ನಾಗಿದ್ದರೂ ನೈದಿಲೆ ಅನಿಸುವುದಿಲ್ಲ.

ನೈದಿಲೆಯೇ ಏಕೆ ಎಂದರೆ ಕ್ಲೋಡ್ ಮೊನೆ. ಫ್ರಾನ್ಸಿನ ಚಿತ್ರಕಾರ, ಹುಟ್ಟಿದ್ದು 1840, ತೀರಿಕೊಂಡದ್ದು 1926. 1874ರಲ್ಲಿ ಪ್ಯಾರಿಸ್ಸಿನಲ್ಲಿ ಅವರೂ ಅವರ ಗೆಳೆಯರೂ ಸೇರಿ ಸ್ವಂತವಾಗಿ ಒಂದು ಪ್ರದರ್ಶನ ಮಾಡಿದರು. ಅಲ್ಲಿದ್ದ ಮೊನೆಯ ಸೂರ್ಯೋದಯದ ಚಿತ್ರದ ಹೆಸರಿನಲ್ಲಿ 'ಇಂಪ್ರೆಷನ್' ಎಂಬ ಪದ ಇತ್ತು. ಲೂಯಿ ಲೆರೊಯ್ ಎಂಬ ವಿಮರ್ಶಕರು ಅದನ್ನೇ ಹಿಡಿದು ಗೇಲಿ ಮಾಡಿ ಬರೆದರು. ಆ ಗೇಲಿಯೇ ಇಡೀ ಗುಂಪಿಗೆ ಇಂಪ್ರೆಷನಿಸ್ಟರು ಎಂಬ ಹೆಸರಾಗಿ ಉಳಿಯಿತು. ಬೆಳಕು ಹೇಗೆ ಬೀಳುತ್ತದೋ ಹಾಗೆ, ಅದು ಬದಲಾಗುವ ಮೊದಲೇ, ಹೊರಗೆ ಕುಳಿತು ಬಿಡಿಸುವುದು ಅವರ ರೀತಿ. ಬಣ್ಣವನ್ನು ಟ್ಯೂಬಿನಲ್ಲಿ ತುಂಬುವುದು 1841ರಲ್ಲೇ ಶುರುವಾಗಿತ್ತು, ಹಾಗಾಗಿ ಬಣ್ಣ ಹೊತ್ತುಕೊಂಡು ತೋಟಕ್ಕೆ ಹೋಗುವುದು ಸಾಧ್ಯವಾಯಿತು.

ಮೊನೆ 1883ರಲ್ಲಿ ಜಿವರ್ನಿ ಎಂಬ ಹಳ್ಳಿಗೆ ಬಾಡಿಗೆಗೆ ಹೋದರು. 1890ರಲ್ಲಿ ಆ ಮನೆಯನ್ನೇ ಕೊಂಡರು. 1893ರಲ್ಲಿ ಪಕ್ಕದ ಜಾಗ ಕೊಂಡು ಕೊಳ ಮಾಡಲು ಹೊರಟರು. ಕೊಳಕ್ಕೆ ಹೊಳೆಯ ಕವಲಿನಿಂದ ನೀರು ತಿರುಗಿಸಬೇಕು, ಅದಕ್ಕೆ ಸರ್ಕಾರದ ಅನುಮತಿ ಬೇಕು. ಊರಿನವರು ಒಪ್ಪಲಿಲ್ಲ. ಈ ಮನುಷ್ಯ ಎಲ್ಲಿಂದಲೋ ತರುವ ಗಿಡಗಳಿಂದ ನೀರು ಕೆಡುತ್ತದೆ ಎಂದು ಅವರ ಭಯ. ಮೊನೆ ಅಧಿಕಾರಿಗೆ ಪತ್ರದ ಮೇಲೆ ಪತ್ರ ಬರೆದು ಕೊನೆಗೂ ಅನುಮತಿ ಪಡೆದರು. ಊರಿನವರ ಭಯ ನನಗೆ ಪೂರ್ತಿ ಮೂರ್ಖತನ ಅನಿಸುವುದಿಲ್ಲ, ಬಟ್ಟೆ ಒಗೆಯುವುದಕ್ಕೂ ದನ ಕುಡಿಯುವುದಕ್ಕೂ ಅದೇ ನೀರಲ್ಲವೇ. ಆದರೆ ಗಿಡಗಳು ಮಾತ್ರ ನಿಜಕ್ಕೂ ಹೊಸವು. ಯುರೋಪಿನಲ್ಲಿ ತಾನಾಗಿ ಬೆಳೆಯುವ ನೈದಿಲೆ ಬಿಳಿಯದು. ಲತೂರ್-ಮಾರ್ಲಿಯಾಕ್ ಎಂಬ ಬೆಳೆಗಾರರು ಬೇರೆ ಬೇರೆ ಜಾತಿಗಳನ್ನು ಕೂಡಿಸಿ ಗುಲಾಬಿ, ಹಳದಿ, ಕೆಂಪು ನೈದಿಲೆ ಬೆಳೆಸಿ 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟಿದ್ದರು. ಮೊನೆ ಗಿಡ ತರಿಸಿದ್ದು ಅವರ ನರ್ಸರಿಯಿಂದ. ಎಲೆಗಳ ಮೇಲಿನ ಧೂಳು ತೊಳೆಯಲು ಒಬ್ಬ ಮಾಲಿ ದೋಣಿಯಲ್ಲಿ ಹೋಗುತ್ತಿದ್ದನಂತೆ. ಆ ಒಂದು ಕೊಳವನ್ನು ನೋಡಿ ಮೊನೆ ಸುಮಾರು 250 ಚಿತ್ರ ಬಿಡಿಸಿದರು. ಕಣ್ಣಿಗೆ ಪೊರೆ ಬಂದು ಬಣ್ಣಗಳು ಕೆಂಪು ಕಂದಾಗಿ ಕಾಣತೊಡಗಿದರೂ ಬಿಡಲಿಲ್ಲ, 1923ರಲ್ಲಿ ಆಪರೇಷನ್ ಮಾಡಿಸಿಕೊಂಡು ಮತ್ತೆ ಕುಂಚ ಹಿಡಿದರು. ದೊಡ್ಡ ಚಿತ್ರಗಳನ್ನು ದೇಶಕ್ಕೆ ಕೊಟ್ಟರು. ಅವು ಪ್ಯಾರಿಸ್ಸಿನ ಒರಾಂಜರಿ ಮ್ಯೂಸಿಯಂನಲ್ಲಿ ಮೊಟ್ಟೆಯಾಕಾರದ ಎರಡು ಕೋಣೆಗಳಲ್ಲಿ ಇವೆ. ಜನರಿಗೆ ತೆರೆದದ್ದು 1927ರಲ್ಲಿ, ಆಗ ಮೊನೆ ಇರಲಿಲ್ಲ.

ನಮ್ಮ ಮನೆಯ ಗೋಡೆಗೆ ಮುಖಗಳಿರುವ ಚಿತ್ರ ಹಾಕುವ ರೂಢಿ ಇಲ್ಲ. ಹೂವಿಗೆ, ನೀರಿಗೆ ಅಡ್ಡಿಯಿಲ್ಲ. ಮೊನೆಯ ಕೊಳದಲ್ಲಿ ಮನುಷ್ಯರೇ ಇಲ್ಲ, ದಡವೂ ಬಹಳ ಕಡೆ ಇಲ್ಲ. ಹಾಗಾಗಿ ನಾನು ಬಿಡಿಸಿದ ಮೊದಲ ಕೊಳ ಅಡುಗೆಮನೆಯ ಬಾಗಿಲ ಪಕ್ಕ ಜಾಗ ಪಡೆಯಿತು.

ಈಗ ಬಣ್ಣದ ವಿಷಯ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊನೆಗಿಂತ ಮುಂಚೆ ಮಿಶೆಲ್ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞರು ಪ್ಯಾರಿಸ್ಸಿನ ಗೊಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದರು. ಅಲ್ಲಿಯ ಕಪ್ಪು ನೂಲು ಮಂಕಾಗಿದೆ ಎಂದು ದೂರು ಬಂತು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ಏನೂ ಕೊರತೆಯಿಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ನೂಲುಗಳಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು. ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದನ್ನು ಅದರ ನೆರೆಹೊರೆಯೂ ತೀರ್ಮಾನಿಸುತ್ತದೆ ಎಂದು ಅವರು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಬಣ್ಣಗಳನ್ನು ತಟ್ಟೆಯಲ್ಲಿ ಕಲಸಿ ಹಚ್ಚುವ ಬದಲು ಚಿಕ್ಕ ಚಿಕ್ಕ ಗೀಟುಗಳಾಗಿ ಪಕ್ಕ ಪಕ್ಕ ಇಡುವ ಇಂಪ್ರೆಷನಿಸ್ಟರ ರೀತಿಗೆ ಈ ಮಾತು ತುಂಬಾ ಹತ್ತಿರ. ನೂಲಿನಿಂದ ಚಿತ್ರಕ್ಕೆ ಹೋದ ವಿದ್ಯೆ ಇದು. ನಾನು ಅದನ್ನು ಮತ್ತೆ ನೂಲಿನ ಕಡೆಗೇ ತಂದಿದ್ದೇನೆ.

ನೀವೇ ಮಾಡಿ ನೋಡಬಹುದು. ಒಂದೇ ಗುಲಾಬಿ ದಳವನ್ನು ಮೊದಲು ಕೆಂಪು ಕಾರ್ಡಿನ ಮೇಲೆ, ಆಮೇಲೆ ಹಸಿರು ಕಾರ್ಡಿನ ಮೇಲೆ ಇಡಿ. ಕೆಂಪಿನ ಮೇಲೆ ಸಪ್ಪೆಯಾಗಿ, ತೊಳೆದ ಹಾಗೆ ಕಾಣುತ್ತದೆ. ಹಸಿರಿನ ಮೇಲೆ ಅದೇ ದಳ ದೀಪ ಹಚ್ಚಿದ ಹಾಗೆ. ಆದ್ದರಿಂದ ನನ್ನ ಸರಗಳಲ್ಲಿ ಗಾಢ ಗುಲಾಬಿ ಬಳಸುವುದೇ ಇಲ್ಲ. ತೆಳು ಗುಲಾಬಿ, ಅದರ ಸುತ್ತ ಮೂರು ನಾಲ್ಕು ತರಹದ ಹಸಿರು ಮಣಿ. ಅಂಗಡಿಯಲ್ಲಿ ಸಿಗುವ ಒಂದೇ ಹಸಿರಿನ ಪೊಟ್ಟಣ ತಂದು ಪೋಣಿಸಿದರೆ ಸರ ಸತ್ತ ಹಾಗಿರುತ್ತದೆ. ಎಲೆ ಹಸಿರು, ಪಾಚಿ ಹಸಿರು, ನೀಲಿ ಕಡೆಗೆ ವಾಲಿದ ಹಸಿರು ಸೇರಿಸಬೇಕು. ಹಳದಿ ಮಣಿ, ನೀಲಿ ಮಣಿ ಪಕ್ಕ ಪಕ್ಕ ಇಟ್ಟರೆ ದೂರದಿಂದ ಹಸಿರಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಬಣ್ಣದ ಡಬ್ಬಿಯಲ್ಲಿ ಕಲಸಿದರೆ ಹೌದು, ಮಣಿಯಲ್ಲಿ ಅದು ಬೂದು ಕಡೆಗೆ ಹೋಗುತ್ತದೆ. ಹಸಿರಿಗೆ ಹಸಿರನ್ನೇ ಹಾಕಿ.

ಕಿವಿಯೋಲೆಯನ್ನು ಚುಚ್ಚಿ ಕೊಡುವ ಕಾರ್ಡಿನ ಮೇಲೆ ನಾನೇ ಪೋಸ್ಟರ್ ಕಲರ್‌ನಲ್ಲಿ ಕೊಳ ಬಿಡಿಸುತ್ತೇನೆ. ನೀರಿಗೆ ಅಡ್ಡ ಗೀಟು, ನೀರಿನಲ್ಲಿ ಬಿದ್ದ ಮರದ ನೆರಳಿಗೆ ಉದ್ದ ಗೀಟು, ಇಷ್ಟೇ. ನೆರಳಿಗೆ ಕಪ್ಪು ಹಾಕುವುದಿಲ್ಲ, ನೀಲಿ ಮತ್ತು ನೇರಳೆ. ಒಂದು ಗೀಟು ಒಣಗುವ ಮೊದಲು ಅದರ ಮೇಲೆ ಇನ್ನೊಂದು ಎಳೆದರೆ ಎಲ್ಲ ಕಲಸಿ ಕೆಸರು. ತಾಳ್ಮೆ ಬೇಕು, ಅಥವಾ ಒಟ್ಟಿಗೆ ಎಂಟು ಕಾರ್ಡು ಇಟ್ಟುಕೊಂಡು ಒಂದಾದ ಮೇಲೊಂದಕ್ಕೆ ಹಚ್ಚುತ್ತಾ ಹೋಗಬೇಕು. ನನಗೆ ತಾಳ್ಮೆ ಇಲ್ಲ, ಎಂಟು ಕಾರ್ಡಿನವಳು ನಾನು.

ಗೂಡಿಗೆ ಬಣ್ಣ ಹಾಕುವುದು ಅಮ್ಮಿಯ ಕೆಲಸ. ಗೂಡು ಗಟ್ಟಿಯಾಗಿರುವುದು ಅದರಲ್ಲಿರುವ ಸೆರಿಸಿನ್ ಎಂಬ ಅಂಟಿನಿಂದ. ಸೋಪು, ಸೋಡಾ ಹಾಕಿ ಕುದಿಸಿದರೆ ಆ ಅಂಟು ಬಿಟ್ಟುಹೋಗಿ ದಳ ಒದ್ದೆ ಹತ್ತಿಯ ಹಾಗೆ ಮುದುಡುತ್ತದೆ. ರೀಲಿಂಗ್‌ನಲ್ಲಿ ಅಂಟು ಸಡಿಲವಾಗಬೇಕು, ನಮಗೆ ಅದು ಹಾಗೇ ಇರಬೇಕು. ಆದ್ದರಿಂದ ಕೈ ಇಡುವಷ್ಟು ಬಿಸಿಯ ನೀರು, ರೇಷ್ಮೆಗೆ ಹಾಕುವ ಬಣ್ಣ ಚಿಟಿಕೆಯಷ್ಟು, ಕೆಲವು ಹನಿ ವಿನೆಗರ್. ದಳದ ಬುಡ ಮಾತ್ರ ಅದ್ದಿ ಹಿಡಿದರೆ ಬಣ್ಣ ಮೆಲ್ಲಗೆ ತುದಿಗೆ ಏರುತ್ತಾ ತೆಳುವಾಗುತ್ತದೆ. ಈ ಏರಿಕೆ ಎಲ್ಲಿ ನಿಲ್ಲಿಸಬೇಕು ಎಂಬುದು ಅಮ್ಮಿಯ ಬೆರಳಿಗೆ ಗೊತ್ತು, ನನಗೆ ಇನ್ನೂ ಬಂದಿಲ್ಲ. ಗೂಡಿನ ಗೋಡೆ ಪದರ ಪದರವಾಗಿದೆ, ಉಗುರಿನಿಂದ ಬಿಡಿಸಿದರೆ ಈರುಳ್ಳಿಯ ಒಳಸಿಪ್ಪೆಯಂಥ ತೆಳು ಹಾಳೆ ಬರುತ್ತದೆ. ಒಳಗಿನ ಸುತ್ತಿಗೆ ಅದು, ಹೊರಗಿನ ಸುತ್ತಿಗೆ ದಪ್ಪದ್ದು. ಹೊರಗೆ ಆರು, ಒಳಗೆ ಐದು ದಳ, ನಡುವೆ ಹಳದಿ ಮಣಿಗಳ ಗೊಂಚಲು. ಜೋಡಿಗೆ 22 ದಳ, ಅಂದರೆ ಆರು ಗೂಡು.

ಇನ್ನು ಎಂಬತ್ತು ರೂಪಾಯಿ. ಒಂದು ಜೋಡಿಗೆ ಗೂಡು 3, ಕೊಕ್ಕೆ 4, ಮಣಿ 5, ಬಣ್ಣ ಅಂಟು 3, ಕಾರ್ಡು ಮತ್ತು ಪೋಸ್ಟರ್ ಕಲರ್ 5. ಒಟ್ಟು 20 ರೂಪಾಯಿ. ಹಾಗಾದರೆ ಉಳಿದ 60 ಲಾಭವೇ ಎಂದು ನಮ್ಮ ಕ್ಲಾಸಿನವರೇ ಕೇಳಿದರು, ಕಾಮರ್ಸ್ ಓದುವವರು! ಒಂದು ಜೋಡಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಅದರಲ್ಲಿ ಒಂದು ಗಂಟೆ ಅಮ್ಮಿಯದು, ಅರ್ಧ ಗಂಟೆ ನನ್ನದು. 60ನ್ನು ಒಂದೂವರೆ ಗಂಟೆಗೆ ಹಂಚಿದರೆ ಗಂಟೆಗೆ 40 ರೂಪಾಯಿ. ಒಬ್ಬ ಅಂಗಡಿಯವರು ಜೋಡಿಗೆ 35ರಂತೆ ನೂರು ಜೋಡಿ ಕೊಡಿ ಎಂದಿದ್ದರು. ಆಗ ಗಂಟೆಗೆ ಉಳಿಯುವುದು 10 ರೂಪಾಯಿ. "ಮನೆಯಲ್ಲಿ ಕೂತು ಮಾಡುವುದು ತಾನೇ" ಎಂದರು. ನಾವು ಒಪ್ಪಲಿಲ್ಲ.

ಆ ಮಾತು ನನ್ನ ತಲೆಯಲ್ಲಿ ಕೂತಿತು. ಬೆರ್ತ್ ಮೊರಿಸೊ ಎಂಬ ಚಿತ್ರಕಾರ್ತಿ 1874ರ ಆ ಮೊದಲ ಪ್ರದರ್ಶನದಲ್ಲೇ ಇದ್ದವರು. ಅದೂ ಸೇರಿ 1886ರವರೆಗೆ ನಡೆದ ಎಂಟು ಪ್ರದರ್ಶನಗಳಲ್ಲಿ ಅವರು ತಪ್ಪಿಸಿಕೊಂಡದ್ದು ಒಂದೇ, ಮಗಳು ಹುಟ್ಟಿದ ಮರುವರ್ಷ. ಸರ್ಕಾರಿ ಕಲಾಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವೇ ಇಲ್ಲದ ಕಾಲ ಅದು. ಮನೆಯ ತೋಟದಲ್ಲಿ, ಗುಲಾಬಿ ಗಿಡಗಳ ನಡುವೆ ಕುಳಿತು ಬಿಡಿಸಿದರು. 1875ರಲ್ಲಿ ಈ ಗುಂಪು ಚಿತ್ರಗಳನ್ನು ಹರಾಜು ಹಾಕಿದಾಗ ಅತಿ ಹೆಚ್ಚು ಬೆಲೆ ಬಂದದ್ದು ಅವರದೇ ಒಂದು ಚಿತ್ರಕ್ಕೆ, 480 ಫ್ರಾಂಕ್. 1895ರಲ್ಲಿ ಅವರು ತೀರಿಕೊಂಡಾಗ ಮರಣಪತ್ರದಲ್ಲಿ ವೃತ್ತಿಯ ಜಾಗದಲ್ಲಿ ಬರೆದದ್ದು: ಯಾವುದೂ ಇಲ್ಲ.

ಇದನ್ನು ಓದಿದ ದಿನ ನನ್ನ ಅಡ್ಮಿಷನ್ ಫಾರಂ ನೆನಪಾಯಿತು. ತಾಯಿಯ ಉದ್ಯೋಗ: ಗೃಹಿಣಿ. ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲೂ ಕೂಲಿಯಿಲ್ಲದೆ ಮಾಡುವ ಮನೆಗೆಲಸ ಜಿಡಿಪಿ ಲೆಕ್ಕಕ್ಕೆ ಬರುವುದಿಲ್ಲ ಎಂದಿದೆ. ಅದು ದೇಶದ ಲೆಕ್ಕ, ನಾನು ಬದಲಾಯಿಸಲಾರೆ. ನನ್ನ ನೋಟ್‌ಬುಕ್ಕಿನ ಲೆಕ್ಕ ನನ್ನ ಕೈಯಲ್ಲಿದೆ. ಪ್ರದರ್ಶನದಲ್ಲಿ 26 ಜೋಡಿ ಹೋದವು. ಬಂದದ್ದು 2080. ಸಾಮಾನಿನ ಖರ್ಚು 520, ಅಮ್ಮಿಯ ಕೂಲಿ 1040, ನನ್ನ ಕೂಲಿ 520, ಲಾಭ ಸೊನ್ನೆ. ಮೊದಲು ಅಮ್ಮಿ ನಕ್ಕರು, ಮಗಳ ಹತ್ತಿರ ಕೂಲಿ ತೆಗೆದುಕೊಳ್ಳುವುದೇ ಎಂದರು. ಎರಡು ದಿನ ಬಿಟ್ಟು ನೋಟ್‌ಬುಕ್ ತೆಗೆಸಿ, ತಾನು ಕೂತ ಗಂಟೆಗಳನ್ನು ಬೆರಳಲ್ಲಿ ಎಣಿಸಿ, ಸರಿಯಿದೆ ಎಂದು ಉರ್ದುವಿನಲ್ಲಿ ಸಹಿ ಹಾಕಿದರು. ದುಡ್ಡು ಅಕ್ಕಿ ಡಬ್ಬಿಯ ಹಿಂದೆ ಹೋಯಿತು. ಏನಕ್ಕೆ ಎಂದು ನಾನು ಕೇಳಿಲ್ಲ, ಕೂಲಿ ಕೊಟ್ಟವರು ಅದನ್ನೆಲ್ಲ ಕೇಳುವ ಹಾಗಿಲ್ಲ.

ಕೊಂಡವರಿಗೆ ಎರಡು ಮಾತು. ಮಳೆಗಾಲದಲ್ಲಿ ಗೂಡು ತೇವ ಹೀರುತ್ತದೆ, ಡಬ್ಬಿಯಲ್ಲಿ ಮುಚ್ಚಿಡಿ. ಅತ್ತರು, ಸ್ಪ್ರೇ ಹಾಕಿಕೊಂಡು ಒಣಗಿದ ಮೇಲೆ ಕಿವಿಗೆ ಹಾಕಿ, ಇಲ್ಲದಿದ್ದರೆ ದಳಕ್ಕೆ ಕಲೆ ಬೀಳುತ್ತದೆ. ಹುಡುಗರು ಕೀಚೈನ್ ಮಾಡಿಕೊಡಿ ಎಂದು ಕೇಳಿದ್ದೀರಿ. ಗೂಡು ಜೇಬಿನಲ್ಲಿ ಒಂದು ವಾರವೂ ತಡೆಯುವುದಿಲ್ಲ, ನಿಮಗೆ ಚನ್ನಪಟ್ಟಣದ ಅರಗಿನ ಮಣಿಯಲ್ಲಿ ಮಾಡಲು ನೋಡುತ್ತೇನೆ. ಕಲಿಯಬೇಕು ಎನ್ನುವವರು ಶನಿವಾರ ತರಗತಿ ಮುಗಿದ ಮೇಲೆ ಲೈಬ್ರರಿ ಪಕ್ಕದ ಕೋಣೆಗೆ ಬನ್ನಿ. ಗೂಡು ನಾನು ತರುತ್ತೇನೆ. ಚೂಪಾದ ಚಿಕ್ಕ ಕತ್ತರಿ ನಿಮ್ಮದು.