ಇಂಗ್ಲಿಷ್ ಪರೀಕ್ಷೆಯ ಅಭ್ಯಾಸಪ್ರಶ್ನೆಗಳು

ಉನ್ನತ ವ್ಯಾಸಂಗಕ್ಕಾಗಿ ಹೊರದೇಶಗಳಿಗೆ ಹೋಗಬಯಸುವವರು ತಮ್ಮ ಇಂಗ್ಲಿಷ್ ಜ್ಞಾನವನ್ನು ಪರೀಕ್ಷೆಯೊಂದರ ಮೂಲಕ ತೋರಿಸಬೇಕಾಗುತ್ತದೆ. ಇಂಥ ಪರೀಕ್ಷೆಗಳಲ್ಲಿ 1964ರಲ್ಲಿ ಆರಂಭವಾದ ಟೋಫೆಲ್, 1989ರಲ್ಲಿ ಆರಂಭವಾದ ಐಇಎಲ್‌ಟಿಎಸ್ ಎಂಬೆರಡು ಪ್ರಸಿದ್ಧವಾದುವು. ಅಗ್ರಹಾರದ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಎರಡನೆಯ ಪರೀಕ್ಷೆಯ ಶುಲ್ಕ ಹದಿನೈದು ಸಾವಿರ ರೂಪಾಯಿಗೂ ಮೀರಿದ್ದೆಂದು ತಿಳಿದಾಗ, ಹೊಲಿಗೆಯ ಕೆಲಸ ಮಾಡುವ ನಮ್ಮ ತಂದೆಯವರು ಕೇಳಿದ್ದು ಇಷ್ಟೇ: “ಒಂದೇ ಸಲಕ್ಕೆ ಆಗುತ್ತೇನಪ್ಪ?” ಆ ಮಾತೇ ನನ್ನನ್ನು ಅಭ್ಯಾಸಪ್ರಶ್ನೆಗಳ ಕಡೆಗೆ ತಿರುಗಿಸಿತು. ಅವುಗಳಿಂದ ಕಲಿತದ್ದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗಗಳಿವೆ. ಇದರಲ್ಲಿ ಉತ್ತೀರ್ಣ, ಅನುತ್ತೀರ್ಣ ಎಂಬ ಭೇದವಿಲ್ಲ. 9ರವರೆಗಿನ ಶ್ರೇಣಿಯಲ್ಲಿ ಫಲಿತಾಂಶ ಕೊಡುತ್ತಾರೆ. ಎಷ್ಟು ಶ್ರೇಣಿ ಸಾಕೆಂಬುದನ್ನು ಆಯಾ ವಿಶ್ವವಿದ್ಯಾನಿಲಯವೇ ಗೊತ್ತುಮಾಡುತ್ತದೆ. ಕೇಳುವ ಭಾಗದಲ್ಲಿ ಧ್ವನಿಮುದ್ರಣವನ್ನು ಒಂದೇ ಸಲ ಕೇಳಿಸುತ್ತಾರೆ. ಓದುವ ಭಾಗದಲ್ಲಿ 60 ನಿಮಿಷಕ್ಕೆ 40 ಪ್ರಶ್ನೆಗಳು.

ನಾನು ಎಡವಿದ್ದು ಈ ಓದಿನಲ್ಲಿಯೇ. ಮೊದಲ ಅಭ್ಯಾಸದಲ್ಲಿ ನನಗೆ ಬಂದ ಸರಿಯುತ್ತರಗಳು ಹತ್ತೊಂಬತ್ತು. ಪದಗಳ ಅರ್ಥ ತಿಳಿಯದೆ ತಪ್ಪಿದವು ಕೆಲವೇ; ‘ಸರಿ’, ‘ತಪ್ಪು’, ‘ಹೇಳಿಲ್ಲ’ ಎಂಬ ಮೂರರಲ್ಲಿ ಒಂದನ್ನು ಆರಿಸುವಲ್ಲಿ ತಪ್ಪಿದವೇ ಹೆಚ್ಚು. ನಮ್ಮ ಊರಿನದೇ ಉದಾಹರಣೆಯಿಂದ ಇದನ್ನು ವಿವರಿಸುತ್ತೇನೆ. “ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾಯಿತು” ಎಂಬುದು ಕೊಟ್ಟಿರುವ ವಾಕ್ಯವೆನ್ನೋಣ. ಅದು ಇಪ್ಪತ್ತನೆಯ ಶತಮಾನದಲ್ಲಿ ಸ್ಥಾಪಿತವಾಯಿತೆಂದರೆ ಸರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಎಂದರೆ ತಪ್ಪು. ಅದರ ಕಚೇರಿ ಕ್ರಾಫರ್ಡ್ ಭವನದಲ್ಲಿದೆ ಎಂದರೋ? ಮೈಸೂರಿನವರಾದ ನಾವು ತಟ್ಟನೆ ‘ಸರಿ’ ಎನ್ನುತ್ತೇವೆ. ಆದರೆ ಕೊಟ್ಟ ವಾಕ್ಯದಲ್ಲಿ ಆ ಮಾತೇ ಇಲ್ಲವಾದುದರಿಂದ ಉತ್ತರ ‘ಹೇಳಿಲ್ಲ’. ನಮಗೆ ಗೊತ್ತಿರುವುದು ಬೇರೆ, ಬರೆದವನು ಹೇಳಿರುವುದು ಬೇರೆ. ನೋಟ್ಸನ್ನು ಕಂಠಪಾಠ ಮಾಡಿ ಪರೀಕ್ಷೆ ಬರೆದು ಬಂದ ನನಗೆ ಈ ವಿವೇಕ ಹೊಸದಾಗಿತ್ತು.

ಆದುದರಿಂದ ಬರಿದೇ ಪ್ರಶ್ನೆಪತ್ರಿಕೆಗಳನ್ನು ರಾಶಿಹಾಕಿ ಬಿಡಿಸುವುದರಿಂದ ಪ್ರಯೋಜನ ಕಡಮೆ. ಒಂದು ಪತ್ರಿಕೆಯನ್ನು ಗಡಿಯಾರ ಮುಂದಿಟ್ಟುಕೊಂಡು ಬರೆಯಬೇಕು. ಅನಂತರ ತಪ್ಪಿದ ಪ್ರತಿಯೊಂದು ಉತ್ತರಕ್ಕೂ ಆಧಾರವಾದ ವಾಕ್ಯವನ್ನು ಹುಡುಕಿ ಗೆರೆ ಎಳೆಯಬೇಕು. ಹೀಗೆ ಮಾಡಿದ ಮೇಲೆ ಐದನೆಯ ಪತ್ರಿಕೆಯಲ್ಲಿ ನನಗೆ ಇಪ್ಪತ್ತೆಂಟು ಬಂದವು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಬರವಣಿಗೆಗೆ ಮಾತ್ರ ತಿದ್ದುವವರು ಬೇಕು. 250 ಪದಗಳ ಪ್ರಬಂಧವನ್ನು ನಮ್ಮ ಅಧ್ಯಾಪಕರ ಮುಂದಿಡಲು ಸಂಕೋಚಪಡಬೇಕಾಗಿಲ್ಲ. ಮಾತಿನ ಭಾಗಕ್ಕೆ ಗೆಳೆಯನೊಬ್ಬನಿದ್ದರೆ ಸಾಕು: ಒಂದು ನಿಮಿಷ ಆಲೋಚಿಸಿ ಎರಡು ನಿಮಿಷ ಮಾತನಾಡುವುದನ್ನು ಸಂಜೆಯ ತಿರುಗಾಟದಲ್ಲಿಯೂ ಅಭ್ಯಾಸ ಮಾಡಬಹುದು.

ಇಂಗ್ಲಿಷಿನಲ್ಲಿ ಬರೆದು ಲೋಕಪ್ರಸಿದ್ಧರಾದ ಆರ್. ಕೆ. ನಾರಾಯಣರೂ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾಗಿ, ಆಮೇಲೆ ಮಹಾರಾಜಾ ಕಾಲೇಜು ಸೇರಿದವರು. ಒಂದು ಸೋಲಿಗೆ ಎದೆಗುಂದಬೇಕಾಗಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪರೀಕ್ಷೆಗೆ ನಾನಿನ್ನೂ ಕುಳಿತಿಲ್ಲ. ತಂದೆಯವರ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿಲ್ಲ. ಮೂವತ್ತು ದಾಟಿದ ದಿನ ಶುಲ್ಕ ಕಟ್ಟುವುದೆಂದು ಮಾತ್ರ ನಿಶ್ಚಯಿಸಿದ್ದೇನೆ.