ಕರೆಂಟ್ ಬಂತು, ಸರ್ವರ್ ಹೋಯ್ತು

ಫೈನಲ್ ಇಯರ್ ಪ್ರಾಜೆಕ್ಟ್‌ಗೆಂದು ನಾವು ನಾಲ್ವರು ಸೇರಿ ಹಾಸ್ಟೆಲ್‌ಗೊಂದು ಚಾಟ್ ಆ್ಯಪ್ ಮಾಡಿದ್ದೆವು. ಲ್ಯಾಬಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರೇ ಸರ್ವರ್. ಇನ್ನೂರು ಚಿಲ್ಲರೆ ಹುಡುಗರು ಇನ್‌ಸ್ಟಾಲ್ ಮಾಡಿಕೊಂಡಿದ್ದರು. ಪ್ಲೇಸ್‌ಮೆಂಟ್ ಸುದ್ದಿಯೂ ಅದರಲ್ಲೇ ಬರುತ್ತಿತ್ತು. ನಮಗೋ, ನಾಳೆಯೇ ಕಂಪನಿ ತೆರೆಯುವಷ್ಟು ಹಮ್ಮು.

ಒಂದು ಸಂಜೆ ಮಳೆಗೆ ಕರೆಂಟ್ ಹೋಯಿತು. ಸರ್ವರ್‌ಗೆ ಯುಪಿಎಸ್ ಇತ್ತು, ಹಾಸ್ಟೆಲ್ ವೈಫೈಗೆ ಇರಲಿಲ್ಲ. ಹತ್ತು ನಿಮಿಷಕ್ಕೆ ಕರೆಂಟ್ ಬಂದದ್ದೇ ತಡ, ಹಬ್ಬದ ಹಿಂದಿನ ದಿನ ಬಸ್ಸಿನ ಬಾಗಿಲಿಗೆ ಜನ ಮುಗಿಬೀಳುವಂತೆ ಎಲ್ಲ ಫೋನ್‌ಗಳೂ ಸರ್ವರ್ ಮೇಲೆ ಬಿದ್ದವು. ಸಂಪರ್ಕ ಕಡಿದರೆ ಸೆಕೆಂಡಿಗೊಮ್ಮೆ ಮತ್ತೆ ಪ್ರಯತ್ನಿಸು ಎಂದು ಕೋಡ್ ಬರೆದವನು ನಾನೇ. ಸಾಲದ್ದಕ್ಕೆ, ಲಾಗಿನ್ ಆದ ಪ್ರತಿ ಫೋನೂ ಹಳೇ ಮೆಸೇಜುಗಳನ್ನೆಲ್ಲ ಮೊದಲಿನಿಂದ ಕೇಳುತ್ತಿತ್ತು. ಸರ್ವರ್ ಮಕಾಡೆ ಮಲಗಿತು. ರೀಸ್ಟಾರ್ಟ್ ಮಾಡಿದರೂ ಅದೇ ಕಥೆ.

ಆ ರಾತ್ರಿ ‘ನಾಳೆ ಸಂದರ್ಶನ ಹನ್ನೊಂದಕ್ಕಲ್ಲ, ಒಂಬತ್ತಕ್ಕೆ’ ಎಂಬ ಮೆಸೇಜು ನನ್ನ ರೂಮ್‌ಮೇಟ್‌ಗೆ ತಲುಪಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ಹತ್ತೂವರೆಗೆ ಹೋದವನು ಹಾಗೇ ವಾಪಸ್ ಬಂದ. ‘ನಿನ್ ಆ್ಯಪ್ ಚೆನ್ನಾಗಿದೆ ಮಗಾ’ ಅಂದ, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಓದಲು ಕೂತೆ. ಇದು ನಾನು ಹುಟ್ಟುವ ಮೊದಲೇ ಬಗೆಹರಿದಿದ್ದ ತಾಪತ್ರಯ! 1971ರಲ್ಲೇ ಹವಾಯಿ ದ್ವೀಪಗಳ ‘ಅಲೋಹಾನೆಟ್’ನಲ್ಲಿ, ಎರಡು ಸಂದೇಶ ಡಿಕ್ಕಿಯಾದರೆ ಇಬ್ಬರೂ ತಮಗೆ ತೋಚಿದಷ್ಟು ಹೊತ್ತು ಕಾದು ಮತ್ತೆ ಕಳಿಸುತ್ತಿದ್ದರು. ಈಥರ್ನೆಟ್ ಅದನ್ನೇ ಬೆಳೆಸಿತು: ಪ್ರತಿ ಡಿಕ್ಕಿಗೂ ಕಾಯುವ ಅವಧಿಯ ಮಿತಿ ದುಪ್ಪಟ್ಟು. ಚಾಟ್‌ಗೆಂದೇ ಇರುವ ಎಕ್ಸ್‌ಎಂಪಿಪಿಯ 2011ರ ನಿಯಮಾವಳಿಯಂತೂ, ಮರುಸಂಪರ್ಕಕ್ಕೆ ಮುನ್ನ 0ಯಿಂದ 60 ಸೆಕೆಂಡಿನೊಳಗೆ ಯಾವುದಾದರೂ ಒಂದು ಸಂಖ್ಯೆ ಆರಿಸಿ ಕಾಯಿರಿ ಎನ್ನುತ್ತದೆ.

ನಾನು ಮೊದಲು ದುಪ್ಪಟ್ಟನ್ನಷ್ಟೇ ಹಾಕಿದೆ. 1, 2, 4, 8 ಸೆಕೆಂಡು. ಪ್ರಯೋಜನವಾಗಲಿಲ್ಲ. ಎಲ್ಲರೂ ಒಟ್ಟಿಗೇ ಕಾದು ಒಟ್ಟಿಗೇ ನುಗ್ಗಿದರು! ಜತೆಗೆ ಲಾಟರಿಯೂ ಬೇಕಿತ್ತು. ಎಂಟು ಸೆಕೆಂಡಿನ ಸರದಿಯಲ್ಲಿ ಒಬ್ಬ ಎರಡಕ್ಕೆ ಬರಲಿ, ಇನ್ನೊಬ್ಬ ಏಳಕ್ಕೆ. ಕಾಯುವುದಕ್ಕೂ ಒಂದು ಮಿತಿ ಇಟ್ಟೆ. ಇಲ್ಲದಿದ್ದರೆ ರಾತ್ರಿ ಕಡಿದ ಫೋನ್ ಬೆಳಗಾದರೂ ತಿರುಗಿ ನೋಡುವುದಿಲ್ಲ. ಇನ್ನು, ‘ನನಗೆ 412ನೇ ಮೆಸೇಜಿನವರೆಗೆ ಬಂದಿದೆ, ಮುಂದಿನದು ಕೊಡು’ ಎಂದಷ್ಟೇ ಕೇಳಲು ಫೋನ್‌ಗಳಿಗೆ ಕಲಿಸಿದೆ. ಪ್ರತಿ ಮೆಸೇಜಿಗೂ ಒಂದು ಗುರುತು ಸಂಖ್ಯೆ ಕೊಟ್ಟಿದ್ದರಿಂದ, ಎರಡು ಸಲ ಕಳಿಸಿದರೂ ಒಂದೇ ಸಲ ಕಾಣಿಸುತ್ತದೆ.

ಪರೀಕ್ಷೆಗೆ ವೈಫೈ ಸ್ವಿಚ್ ಆಫ್ ಮಾಡಿದವನು ಅದೇ ರೂಮ್‌ಮೇಟ್. ಮತ್ತೆ ಆನ್ ಮಾಡಿದ. ಒಬ್ಬೊಬ್ಬರಾಗಿ, ನಿಮಿಷದೊಳಗೆ ಎಲ್ಲರೂ ಬಂದರು. ಸರ್ವರ್ ಕೆಮ್ಮಲೂ ಇಲ್ಲ.

ಅವನಿಗೆ ಮುಂದಿನ ವಾರ ಇನ್ನೊಂದು ಸಂದರ್ಶನವಿದೆ. ಸಮಯವನ್ನು ಫೋನ್ ಮಾಡಿ ಕೇಳಿಕೊಂಡಿದ್ದಾನೆ.